ನಾಡಿಗೊಂದು ಕಾಳು

ಆಷಾಢದ ಗಾಳಿ ಜೋಗಿಮಟ್ಟಿಯ ಕಡೆಯಿಂದ ಮಂಜನ್ನು ಅಟ್ಟಿಕೊಂಡು ಬರುತ್ತಿತ್ತು, ಮಳೆ ಎನ್ನಲಾಗದ ಜಿನುಗು, ಆಸ್ಪತ್ರೆಯ ಕಿಟಕಿಯಾಚೆ ದುರ್ಗದ ಬಂಡೆಗಳು ಒಂದೊಂದೇ ಮುಳುಗಿ ಒಂದೊಂದೇ ಏಳುತ್ತಿದ್ದವು, ಮೆಲುಕು ಹಾಕುತ್ತ ಮಲಗಿದ ಕುರಿಗಳ ಹಾಗೆ, ಎಷ್ಟಿರಬಹುದು, ಒಂದು, ಎರಡು, ಮೂರು — ಹೊನ್ನಕ್ಕ ನಾಲಿಗೆ ಕಚ್ಚಿಕೊಂಡಳು. ಎಣಿಸಬಾರದು. ಹಿರೇಗುಂಟನೂರಿನ ಹೊಲ, ಸುಗ್ಗಿ ಮುಗಿದ ಕೂಳೆಯ ಮೇಲೆ ಸಂಜೆಬಿಸಿಲು, ಗೊಬ್ಬರಕ್ಕೆಂದು ಅಪ್ಪ ಮಂದೆ ನಿಲ್ಲಿಸಿಕೊಂಡಿದ್ದಾನೆ, ಮುಳ್ಳು ಕಡಿದು ಸುತ್ತ ಕಟ್ಟಿದ ರೊಪ್ಪ, ಅದಕ್ಕೊಂದು ಕಿರಿದಾದ ಬಾಗಿಲು, ಏಳು ವರ್ಷದ ಅವಳು ಶಾಲೆಯಲ್ಲಿ ಆಗಷ್ಟೇ ಮಗ್ಗಿ ಕಲಿತ ಹುರುಪಿನಲ್ಲಿ ಒಳಗೆ ಹೋಗುವ ಕುರಿಗಳನ್ನು ಗಟ್ಟಿಯಾಗಿ ಎಣಿಸುತ್ತಿದ್ದಾಳೆ, ನಲವತ್ತು, ನಲವತ್ತೊಂದು, ಆ ನಲವತ್ತೊಂದನೆಯದು ಬಾಗಿಲಲ್ಲಿ ಒಂದು ಮುಂಗಾಲೆತ್ತಿ ನಿಂತುಬಿಟ್ಟಿತು, ಒಳಗಿಡಲೋ ಬೇಡವೋ ಎಂಬಂತೆ, ಅಷ್ಟರಲ್ಲಿ ಅಜ್ಜಿ ಓಡಿ ಬಂದು ಬಾಯಿ ಮುಚ್ಚಿದಳು, ಜೀವ ಇರಾವನ್ನ ಎಣಿಸ್ತಾರೇನೇ ಮೂಳಿ, ಕಣ್ಣಾಗ್ತೈತೆ. ಬೆಳಗಾಗುವಾಗ ಆ ಕುರಿ ಸತ್ತು ಬಿದ್ದಿತ್ತು. ಹಾವು ಮುಟ್ಟೈತೆ ಬಿಡ್ರಿ, ಕೂಸು ಏನು ಮಾಡ್ತು ಅಂದಿದ್ದ ಕುರಿಯವನು, ಒಳ್ಳೆಯವನು, ಅವನ ಮುಖ ಈಗ ನೆನಪಿಲ್ಲ, ಕುರಿಯ ಎತ್ತಿದ ಕಾಲು ಮಾತ್ರ ಇದೆ.

ಕಣ್ಣು ಮತ್ತೆ ಅದೇ ಎಪ್ಪತ್ತಾರರ ಮೇಲೆ. ಒಂಬತ್ತನೇ ಮಂಚದ ತಲೆದೆಸೆಯ ಚಾರ್ಟಿನಲ್ಲಿ ಅವಳೇ ಬರೆದ ಎಪ್ಪತ್ತಾರು, ಬೆಳಿಗ್ಗೆ ಆರು ಗಂಟೆಯ ನಾಡಿ, ದುಂಡಗೆ, ಚೆಂದಗೆ, ಸುಳ್ಳು. ಹಿರಿಯೂರಿನ ಕಡೆಯ ಹಟ್ಟಿಯ ಚಿತ್ತಯ್ಯ, ಜೀವಮಾನವೆಲ್ಲ ಕುರಿಯ ಹಿಂದೆ ನಡೆದ ಮುದುಕ, ಕಾಲು ಬಾತು ಉಸಿರು ಕಟ್ಟಿ ಬಂದವನು, ಎಂಟು ದಿನದಿಂದ ಎದೆಯ ಗುಳಿಗೆ ನುಂಗುತ್ತಿದ್ದಾನೆ, ಇವತ್ತು ಕೈ ಹಿಡಿದ ಕೂಡಲೇ ಕಿತ್ತುಕೊಂಡ, ಬಿಡವ್ವ ತಾಯಿ, ಎಣಿಸಿ ಎಣಿಸಿ ಎಂಟು ದಿನಕ್ಕೇ ನನ್ನ ಅರ್ಧ ಮಾಡೀರಿ, ಅಂದ. ಅವಳು ಮತ್ತೆ ಕೇಳಲಿಲ್ಲ. ಯಾಕೆ ಕೇಳಲಿಲ್ಲ? ಹೊತ್ತಾಗಿತ್ತು, ಇನ್ನೂ ಆರು ಮಂಚ ಇತ್ತು — ಅಲ್ಲ, ಸುಳ್ಳು, ಅವನು ಕೈ ಎಳೆದುಕೊಂಡಾಗ ಅವಳ ಎದೆಯೊಳಗೇ ಯಾರೋ ಉಸ್ಸಪ್ಪಾ ಅಂದಿದ್ದರು, ಎಣಿಸುವುದು ತಪ್ಪಿತಲ್ಲ ಅಂತ. ನಿನ್ನೆಯ ಸಾಲಿನಲ್ಲಿ ಎಪ್ಪತ್ತಾರು ಇತ್ತು, ಅದನ್ನೇ ಇಳಿಸಿ ಬರೆದಳು. ನರ್ಸ್ ತರಬೇತಿಗೆ ಸೇರಿ ಹತ್ತು ತಿಂಗಳು, ಬರಗೇರಮ್ಮ ಸಿಸ್ಟರ್ ಮೊದಲ ವಾರವೇ ಹೇಳಿದ್ದರು, ಈ ಗುಳಿಗೆ ಕೊಡಾಕಿಂತ ಮುಂಚೆ ಪೂರಾ ಒಂದು ನಿಮಿಷ ನಾಡಿ ನೋಡಬೇಕು, ಅರವತ್ತಕ್ಕಿಂತ ಕೆಳಗಿದ್ರೆ ಗುಳಿಗೆ ಮುಟ್ಟಂಗಿಲ್ಲ, ಕೊಟ್ರೆ ಎದೆ ನಿಂತೋಗ್ತೈತೆ, ಕೇಳ್ತೇನೇ ಹೊನ್ನಕ್ಕ, ನಾಡಿ ನೋಡಾದು ಅಂದ್ರೆ ಬಳೆಗಾರ್ತಿ ಕೈ ಹಿಡಿದಂಗಲ್ಲ. ಎಲ್ಲರೂ ನಕ್ಕಿದ್ದರು. ಗೋಡೆ ಗಡಿಯಾರದಲ್ಲಿ ಏಳೂ ಮುಕ್ಕಾಲು. ಎಂಟಕ್ಕೆ ಸಿಸ್ಟರ್ ಗುಳಿಗೆಯ ತಟ್ಟೆ ಹಿಡಿದು ಬಾಗಿಲ ಕಡೆಯಿಂದ ಹೊರಡುತ್ತಾರೆ.

ಜುಂಜೀ, ಅಂದ ಮುದುಕ, ಮಂಚದ ಕೆಳಗೆ ಕೂತಿದ್ದ ಹೆಂಡತಿಗೆ, ಗೋಡೆಗ್ಯಾಕೆ ಅರಿಶಿಣ ಬಳಿದವ್ರೆ? ಯಾರೂ ಬಳಿದಿಲ್ಲ ಸುಮ್ಕೆ ಮಲಿಕ್ಕಳ್ರಿ ಅಂದಳು ಜುಂಜಮ್ಮ. ಕಂಬಳೀನೂ ಹಳದಿ ಐತಲ್ಲೇ. ನಿಮ್ ಕಣ್ಣಾಗೆ ಮದುವೆ ಗಿದುವೆ ನಡೀತೈತಾ ನೋಡ್ರಿ, ಅಂಬಲಿ ಕೊಟ್ರೆ ಒಲ್ಲೆ ಅಂತೀರಿ, ಹಳದಿ ಅಂತೀರಿ. ಹೊನ್ನಕ್ಕ ನಿಂತಲ್ಲೇ ನಿಂತಳು, ಹಳದಿ, ಊಟ ಸೇರದು, ಇದೂ ಸಿಸ್ಟರ್ ಹೇಳಿದ್ದೇ, ಗುಳಿಗೆ ಮೈಯಲ್ಲಿ ಹೆಚ್ಚಾದರೆ ಕಣ್ಣಿಗೆಲ್ಲ ಹಳದಿ ಕಾಣುತ್ತದೆ, ಬೆಳಿಗ್ಗೆ ಆರಕ್ಕೂ ಅವನು ಇದನ್ನೇ ಹೇಳಿದ್ದನೇನೋ, ಅವಳು ನಿಂತುಕೊಂಡೇ ಕೈ ಎಳೆದಿದ್ದಳು, ಕೂರಲಿಲ್ಲ, ಹೆಸರು ಹಿಡಿದು ಕರೆಯಲಿಲ್ಲ, ಏನು ಮಾಡುತ್ತೇನೆಂದು ಹೇಳಲಿಲ್ಲ, ತಾಯೀ ಉಚ್ಚಂಗಮ್ಮ, ಈ ಕೈಗಳಿಗೆ ಇವತ್ತು ಇನ್ನೊಂದು ಜೀವ ಅಂಟದಿರಲಿ.

ಸ್ಟೂಲು ಎಳೆದು ಕೂತಳು. ಚಿತ್ತಯ್ಯ ತಾತ, ನಾನು ಹೊನ್ನಕ್ಕ, ಬೆಳಿಗ್ಗೆ ನಿಮ್ ಕೈ ಜಗ್ಗಿದೆನಲ್ಲ, ತಪ್ಪಾಯ್ತು. ಆತು ಬಿಡು, ಕುರಿ ಕಾಲು ಜಗ್ಗಿದಂಗೆ ಜಗ್ಗಿದೆ, ಅಂದ ಅವನು. ನಿಮ್ ಕುರೀನೂ ನೀವು ಎಣಿಸಲ್ಲ ಅಲ್ಲೇನ್ರಿ, ಹಂಗಾದ್ರೆ ಸಂಜೆ ಒಂದು ಕಮ್ಮಿ ಬಂದ್ರೆ ಹೆಂಗೆ ತಿಳೀತೈತೆ? ಮುದುಕನ ಕಣ್ಣು ಮಂಜಿನೊಳಗಿಂದ ಈಚೆ ಬಂತು, ರೊಪ್ಪದ ಬಾಗಿಲಾಗೆ ಕುಂತ್ಕಂತೀನಿ ಕೂಸೇ, ಒಳಕ್ಕೆ ಹೋಗಾವೆಲ್ಲ ನನ್ ಕೈ ಸವರ್ಕಂಡು ಹೋಗ್ತವೆ, ಬರದೇ ಇರಾದು ಕೈಗೇ ಗೊತ್ತಾಗ್ತೈತೆ. ನಂಗೂ ಹಂಗೇ ಕೈ ಕೊಡ್ರಿ ತಾತ, ನಾನು ನಿಮ್ಮನ್ನ ಎಣಿಸಲ್ಲ, ನಿಮ್ ನಾಡಿ ನನ್ ಬೆರಳಿಗೆ ತಾಕಿದಾಗ ಹೂಂ ಅಂತೀನಿ, ಹೂಂ ಅಂದಾಗೆಲ್ಲ ಈ ಅಜ್ಜಿ ಸೆರಗಿನಾಗೆ ಕಟ್ಕಂಡಿರಾ ಕಾಳಾಗೆ ಒಂದೊಂದು ಬಟ್ಟಲಿಗೆ ಹಾಕ್ಲಿ, ಆಮೇಲೆ ಅಲ್ಲಿ ಮೇಜಿನ ಮೇಲೆ ಕಾಳು ಎಣಿಸ್ಕಂತೀನಿ. ಅವನು ಕಂಬಳಿಯೊಳಗಿಂದ ಕೈ ಈಚೆ ತೆಗೆದ. ಕಾಳಿಗೇನು, ಕಾಳು ಎಣಿಸಾಕೇ ಹುಟ್ಟಿರಾದು, ಅಂದ. ಜುಂಜಮ್ಮ ಸೆರಗಿನ ಗಂಟು ಬಿಚ್ಚಲು ಹಿಂದೆಮುಂದೆ ನೋಡಿದಳು, ಇದು ಜುಂಜಪ್ಪನ ಮೀಸಲು ಜೋಳ ಕಣವ್ವ, ಇವ್ರು ಎದ್ದು ನಡೆದ್ರೆ ಗುಡಿಗೆ ಒಪ್ಪಿಸ್ತೀನಿ ಅಂತ ಹರಕೆ ಹೊತ್ತಿರಾದು, ಒಂದು ಕಾಳೂ ಕಳೀಬಾರದು. ಕಳೆಯಲ್ಲ, ಎರವಲು, ಎಲ್ಲ ವಾಪಸ್ ಕೊಡ್ತೀನಿ ಅಂದಳು ಹೊನ್ನಕ್ಕ.

ಬಿಸಿಯಿಲ್ಲದ ಕೈ, ಒಣಗಿದ ಬಳ್ಳಿಯಂಥ ನರ, ಹೆಬ್ಬೆರಳಲ್ಲ, ಮೂರು ಬೆರಳು, ಹಗುರಾಗಿ, ತನ್ನ ಎದೆಯ ಮೇಲೆ ಸಿಕ್ಕಿಸಿದ ವಾಚಿನಲ್ಲಿ ಸೆಕೆಂಡಿನ ಮುಳ್ಳು ಹನ್ನೆರಡು ದಾಟಿತು — ಹೂಂ, ಟಣ್ ಎಂದು ಹಿತ್ತಾಳೆ ಬಟ್ಟಲು, ಹೂಂ, ಊರಲ್ಲಿ ಅಜ್ಜಿ ಕತೆ ಹೇಳುವಾಗ ತಾನೂ ಹೀಗೇ ಹೂಂಗುಟ್ಟುತ್ತಿದ್ದಳು, ಹೂಂ ನಿಂತರೆ ಕತೆಯೂ ನಿಲ್ಲುತ್ತದೆ ಕೂಸೇ ಅನ್ನುತ್ತಿದ್ದಳು ಅಜ್ಜಿ, ಹೂಂ, ಸಂಜೆಬಿಸಿಲಿನಲ್ಲಿ ಕುರಿಗಳು ಅವಳ ಬೆರಳಡಿಯಲ್ಲಿ ಹಾದು ಹೋಗುತ್ತಿವೆ, ಮೆತ್ತಗೆ, ಎಷ್ಟೊಂದು ನಿಧಾನ, ಹೂಂ, ಇಷ್ಟು ನಿಧಾನವೇ, ಹೂಂ, ಆಮೇಲೆ ಏನೂ ಇಲ್ಲ. ಬೆರಳಡಿ ಬರಿದು. ಜುಂಜಮ್ಮ ಕಾಳು ಹಿಡಿದ ಕೈಯನ್ನು ಬಟ್ಟಲ ಮೇಲೆ ಹಾಗೇ ಹಿಡಿದಿದ್ದಾಳೆ, ರೊಪ್ಪದ ಬಾಗಿಲಲ್ಲಿ ಮುಂಗಾಲೆತ್ತಿ ನಿಂತಿದೆ ಅದು, ಬಾ, ಬಾ ನನ್ನಪ್ಪ — ಹೂಂ. ಟಣ್. ಮುಳ್ಳು ಸುತ್ತು ಮುಗಿಸಿತು. ಕೈಯನ್ನು ಬಿಡದೆ, ಕಣ್ಣನ್ನು ಅವನ ಎದೆಯ ಕಂಬಳಿಯ ಮೇಲಿಟ್ಟು ಉಸಿರನ್ನೂ ನೋಡಿಕೊಂಡಳು, ಉಸಿರು ನೋಡುತ್ತೇನೆಂದು ರೋಗಿಗೆ ಹೇಳಬಾರದು, ಹೇಳಿದರೆ ಉಸಿರೇ ಬದಲಾಗುತ್ತದೆ ಅಂತ ಪಾಠ, ಅಜ್ಜಿಗೂ ಪುಸ್ತಕಕ್ಕೂ ಅಷ್ಟೇನು ದೂರವಿಲ್ಲ.

ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಡೆದಳು, ಸಿಸ್ಟರ್ ತಟ್ಟೆ ಹಿಡಿದು ಮೂರನೇ ಮಂಚಕ್ಕೆ ಬಂದಿದ್ದರು. ಅಕ್ಕಾ, ಒಂಬತ್ತನೇ ಮಂಚಕ್ಕೆ ಕೊಡಬ್ಯಾಡ್ರಿ, ಎಲ್ಲಾ ಹಳದಿ ಕಾಣ್ತೈತಂತೆ. ಕಾಳನ್ನು ಮೇಜಿನ ಮೇಲೆ ಸುರಿದು ಐದೈದು ಜೋಡಿಸಿದಳು, ನಿಮಿಷಕ್ಕೆ ನಲವತ್ತೆಂಟು. ಸಿಸ್ಟರ್ ಚಾರ್ಟು ನೋಡಿದರು. ಎಪ್ಪತ್ತಾರು ಅಂತ ಐತಲ್ಲೇ, ಯಾರ ನಾಡಿ ಇದು? ನಾನು ನೋಡಲಿಲ್ಲ ಅಕ್ಕ, ನಿನ್ನೆಯದನ್ನೇ ಬರೆದೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಗುಳಿಗೆಯನ್ನು ತಟ್ಟೆಯಿಂದ ತೆಗೆದು ಸೀಸೆಗೆ ಹಾಕಿ ಬಿರಡೆ ತಿರುಗಿಸಿದರು. ನಿನ್ನೆ ನಾಡಿಗೆ ಇವತ್ತು ಗುಳಿಗೆ ಕೊಡ್ತಿದ್ನಲ್ಲೇ ನಾನು, ಅಂದರು ಮೆಲ್ಲಗೆ, ಹಳದಿ ಕಾಣ್ತೈತಂತಾ, ಅದನ್ನೂ ಬರಿ, ನಿನ್ ಕೈಯಾರೆ ಎಪ್ಪತ್ತಾರರ ಮೇಲೆ ಗೆರೆ ಎಳೆದು ಬರಿ, ಹೆಸರು ಹಾಕು, ಡಾಕ್ಟರ್ ಮುಂದೆ ನಿಂತು ನೀನೇ ಹೇಳು. ಡಾಕ್ಟರ ಕೋಣೆಗೆ ಹೋಗಿ ಹೇಳಿದಳು. ಡಾಕ್ಟರು ಬಂದರು, ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು, ಗುಳಿಗೆ ನಿಲ್ಲಿಸ್ರಿ, ಗಂಟೆಗೊಮ್ಮೆ ನಾಡಿ ನೋಡ್ರಿ, ಈ ಹುಡುಗೀನೇ ನೋಡ್ಲಿ, ಅಂದು ಹೋದರು.

ಎಲ್ಲ ಹೋದ ಮೇಲೆ ಹೊನ್ನಕ್ಕ ಒಂಬತ್ತನೇ ಮಂಚದ ಪಕ್ಕ ಬಂದು ಕೂತಳು. ಎಷ್ಟು ಅಂತ ಅವನು ಕೇಳಲಿಲ್ಲ, ಇವಳು ಹೇಳಲಿಲ್ಲ. ಅವನು ಬೊಗಸೆಯೊಡ್ಡಿದ, ಕೆಳಗೆ ಜುಂಜಮ್ಮ ಸೆರಗು ಹಾಸಿ ಕಾದಳು, ಹೊನ್ನಕ್ಕ ಕಾಳನ್ನು ಬಟ್ಟಲಿನಿಂದ ತನ್ನ ಅಂಗೈಗೆ, ತನ್ನ ಅಂಗೈಯಿಂದ ಅವನ ಬೊಗಸೆಗೆ ಸುರಿದಳು, ಕಿಟಕಿಯಾಚೆ ಮಂಜು ಇನ್ನೂ ಹೋಗಿಲ್ಲ, ಬಂಡೆಗಳು ಮುಳುಗುತ್ತಿವೆ, ಏಳುತ್ತಿವೆ, ಎಲ್ಲ ಕಾಳೂ ಬಿದ್ದವು, ಒಂದು ಮಾತ್ರ ಬೆವರಿದ ಅಂಗೈಗೆ ಅಂಟಿಕೊಂಡಿತು, ಅದನ್ನು ಬೆರಳಿಂದ ಮೆಲ್ಲಗೆ ಬಿಡಿಸಿ ಅವನ ಬೊಗಸೆಯೊಳಕ್ಕೆ ಇಟ್ಟಳು, ರೊಪ್ಪದ ಬಾಗಿಲಲ್ಲಿ ಕುರಿ, ಎತ್ತಿದ ಮುಂಗಾಲು ಒಳಕ್ಕೆ ಇಳಿಯುತ್ತಿದೆ —