ಹತ್ತಕ್ಕೆ ಬಿಡುವ ಬಸ್ಸು

ಸ್ಟೇಷನ್ನಿನಿಂದ ಬಂದ ಬಸ್ಸು ಊರ ಮುಂದೆ ಪೂರ್ತಿ ನಿಲ್ಲುವ ಮೊದಲೇ ದುರುಗಪ್ಪ ಬಾಗಿಲ ಕಂಬಿ ಹಿಡಿದು ಹತ್ತಿ, ಒಳಗಿದ್ದ ಏಳೆಂಟು ಮುಖಗಳನ್ನು ಒಂದೊಂದಾಗಿ ನೋಡಿದ. ಅಣ್ಣನ ಮಗಳು ಉಚ್ಚಂಗೆಮ್ಮ ಇರಲಿಲ್ಲ.

"ರೈಲಿಗೆ ಬಂದೋರು ಯಾರೂ ಇಲ್ಲೇನ್ರಿ?"

"ರೈಲು ಇನ್ನೂ ಬಂದಿದ್ದಿಲ್ಲ," ಎಂದ ಕಂಡಕ್ಟರ್ ಹಾಲಸ್ವಾಮಿ, ತಲೆಯೆತ್ತದೆ. "ಹತ್ತಕ್ಕ ಬಿಡಬೇಕು, ಬಿಟ್ಟೀವಿ."

"ಹತ್ತು ನಿಮಿಷ ನಿಂತಿದ್ರ ಆಕಿ ಬರ್ತಿದ್ಲಲ್ರಿ. ಅಪ್ಪನ ಮಣ್ಣಿಗೆ ಬರಾಕತ್ತಾಳ. ಸತ್ತಾತ ನಮ್ಮಣ್ಣ, ಸುಂಕಪ್ಪ."

ಟಿಕೆಟ್ ಹರಿಯುತ್ತಿದ್ದ ಕೈ ಅರೆಗಳಿಗೆ ನಿಂತಿತು. ಯಾವ ಸುಂಕಪ್ಪ ಎಂದು ಹಾಲಸ್ವಾಮಿ ಕೇಳಲಿಲ್ಲ.

"ಇಳೀರಿ, ಲೇಟಾಗ್ತೈತಿ," ಎಂದು ಸೀಟಿ ಊದಿದ. ಬಸ್ಸು ಹಡಗಲಿಯ ಕಡೆ ಹೊರಟುಹೋಯಿತು.

ಮನೆಯ ಮುಂದಿನ ಬೇವಿನ ನೆರಳಲ್ಲಿ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಏಪ್ರಿಲ್ ಬಿಸಿಲು. ನಿನ್ನೆ ಮಧ್ಯಾಹ್ನ ಹೋದ ಜೀವ. ಮುಖ ಆಗಲೇ ಊದಿಕೊಂಡಿತ್ತು. ಮಾಳಮ್ಮ ಗಂಡನ ತುಟಿಯ ಮೇಲಿನ ನೊಣಗಳನ್ನು ಸೆರಗಿನಿಂದ ಓಡಿಸುತ್ತಿದ್ದಳು.

"ಬರಲಿಲ್ಲೇನು?"

"ಬಸ್ಸು ಮೊದಲ ಬಿಟ್ಟಾರ, ಅತ್ತಿಗಿ."

"ಸ್ಟೇಷನ್ನಿನ್ಯಾಗ ಅದಾಳ ನನ್ನ ಮಗಳು. ಆತನ ಸೈಕಲ್ ಐತಿ, ಯಾರಾದ್ರೂ ಹೋಗ್ರಪ್ಪಾ."

ಯಾರೂ ಏಳಲಿಲ್ಲ. ಓಣಿಯ ಹಿರಿಯ ಗಾಳೆಪ್ಪ ಬೀಡಿ ಆರಿಸಿದ.

"ಹಾಲು ಕುಡಿಯೋ ಕೂಸು ಐತಿ ಆಕಿ ಬಗಲಾಗ. ಹನ್ನೊಂದು ಕಿಲೋಮೀಟ್ರು ಸೈಕಲ್ ಮ್ಯಾಲ ಹೆಂಗ ತರ್ತೀರಿ? ಇನ್ನೊಂದು ಬಸ್ಸು ಸಂಜೀ ಆರಕ್ಕ. ಅಲ್ಲೀತನಕ ಹೆಣ ತಡಿತೈತೇನವ್ವಾ?"

"ಬಂದಾಳೋ ಇಲ್ಲೋ ಅದೂ ಗೊತ್ತಿಲ್ಲ," ಎಂದಿತು ಹಿಂದಿನಿಂದ ಒಂದು ದನಿ. "ಗಂಡ ಕಳಿಸಿದ್ರ ತಾನೆ."

*

ಸುಂಕಪ್ಪ ಆ ಸ್ಟೇಷನ್ನಿನಲ್ಲಿ ಇಪ್ಪತ್ತೆಂಟು ವರ್ಷ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದವನು. ಹೊಸಪೇಟೆಯ ರೈಲು ಬರುತ್ತಿದ್ದದ್ದು ಒಂಬತ್ತು ಐವತ್ತಕ್ಕೆ. ಸ್ಟೇಷನ್ ಮುಂದಿನಿಂದ ಹಡಗಲಿ ಬಸ್ಸು ಬಿಡುತ್ತಿದ್ದದ್ದು ಒಂಬತ್ತು ನಲವತ್ತಕ್ಕೆ. ರೈಲಿಳಿದವರಿಗೆ ದಿನಾ ಕಾಣುತ್ತಿದ್ದದ್ದು ಬಸ್ಸಿನ ಧೂಳು. ಅದನ್ನು ನೋಡಲಾರದೆ ಸುಂಕಪ್ಪ ಕೈಯಲ್ಲಿ ಬಾವುಟ ಹಿಡಿದೇ ರಸ್ತೆಗೆ ಓಡಿ ಬಸ್ಸಿಗೆ ಅಡ್ಡ ನಿಲ್ಲುತ್ತಿದ್ದ. ಹಳೆಯ ಡ್ರೈವರುಗಳು ಬೈದು, ನಕ್ಕು, ಕಾಯುತ್ತಿದ್ದರು.

ಸ್ಟೇಷನ್ ಮಾಸ್ತರರಿಂದ ರೈಲಿನವರಿಗೊಂದು, ಶಾಲೆಯ ಮೇಷ್ಟ್ರಿಂದ ಬಸ್ಸಿನವರಿಗೊಂದು ಅರ್ಜಿ ಬರೆಸಿದ. ಬಸ್ಸಿನ ವೇಳೆ ನಮಗೆ ಸಂಬಂಧಿಸಿದ್ದಲ್ಲ ಎಂದು ರೈಲಿನವರು ಬರೆದರು. ಮೊದಲು ರೈಲಿನವರನ್ನು ವಿಚಾರಿಸಿ ಎಂದು ಬಸ್ಸಿನವರು ಬರೆದರು. ಬಳ್ಳಾರಿಯಲ್ಲಿ ಇಬ್ಬರನ್ನೂ ಕೂಡಿಸಿ ಸಭೆ ಎಂದಾಗ, ರಜೆ ಹಾಕಿ ಹೋದ. ಆ ಸೋಮವಾರ ರೈಲಿನ ಸಾಹೇಬರು ಮಾತ್ರ ಬಂದಿದ್ದರು. ಮುಂದಿನ ಸೋಮವಾರ ಬಸ್ಸಿನ ಸಾಹೇಬರು ಮಾತ್ರ ಬಂದರು.

ಅರ್ಜಿ ಕೊಟ್ಟ ಆರನೆಯ ವರ್ಷ, ಅವನು ನಿವೃತ್ತನಾದ ಮೇಲೆ, ಬಸ್ಸಿನವರು ಮನಸ್ಸು ಮಾಡಿದರು. ಒಂದನೇ ತಾರೀಖಿನಿಂದ ಬಸ್ಸು ಹತ್ತಕ್ಕೆ. ಸುಂಕಪ್ಪ ಓಣಿಗೆಲ್ಲ ಬೆಲ್ಲ ಹಂಚಿದ. ಅದೇ ಒಂದನೇ ತಾರೀಖಿಗೆ ರೈಲಿನವರ ಹೊಸ ವೇಳಾಪಟ್ಟಿಯೂ ಬಂತು. ರೈಲು ಇನ್ನುಮುಂದೆ ಹತ್ತು ಹತ್ತಕ್ಕೆ.

ಬೆಲ್ಲ ತಿಂದವರೇ ನಕ್ಕರು. ಸುಂಕಪ್ಪ ಮರುದಿನದಿಂದ ಸೈಕಲ್ ಹತ್ತಿ ಸ್ಟೇಷನ್ನಿಗೆ ಹೋಗಿ ಮತ್ತೆ ಬಸ್ಸಿಗೆ ಅಡ್ಡ ನಿಲ್ಲತೊಡಗಿದ.

ಹದಿಮೂರು ದಿನದ ಕೆಳಗೆ, ಜ್ವರದ ಮಗುವನ್ನು ಹೊತ್ತವಳೊಬ್ಬಳು ರೈಲಿಳಿದು ಓಡಿಬರುತ್ತಿದ್ದಳು. ಹಾಲಸ್ವಾಮಿ ಬಸ್ಸಿನಿಂದ ಕೆಳಗಿಳಿದ. "ಮುದಿಯಾ, ನೀನೇನು ಡಿ.ಸಿ. ಏನಲೇ? ಲೇಟಾದ್ರ ಮೆಮೊ ತಗೊಳ್ಳೋನು ನಾನು!" ಎಂದು ಅಡ್ಡ ನಿಂತವನನ್ನು ಎರಡೂ ಕೈಯಿಂದ ನೂಕಿದ. ಸುಂಕಪ್ಪ ಮೋರಿಯೊಳಗೆ ಬಿದ್ದ. ಸೊಂಟದ ಎಲುಬು ಮುರಿಯಿತು. ಬಸ್ಸು ಹೋಯಿತು, ಅವಳನ್ನೂ ಹತ್ತಿಸಿಕೊಳ್ಳಲಿಲ್ಲ.

"ಮಂದಿ ಬಸ್ಸು ನಿಲ್ಸಾಕ ಹೋಗಿ ನನ್ನ ಬಾಳೇವು ನಿಲ್ಲಿಸಿದ್ಯಲ್ಲೋ," ಎಂದು ಮಾಳಮ್ಮ ಹಾಸಿಗೆಯ ಪಕ್ಕ ಕೂತು ದಿನಾ ಬೈದಳು.

"ಆಕಿ ಕೂಸು ಏನಾತೋ, ಯಾರನ್ನರ ಕೇಳು," ಎನ್ನುತ್ತಿದ್ದ ಸುಂಕಪ್ಪ. ಮಾಳಮ್ಮ ಕೇಳಲಿಲ್ಲ.

*

ಹನ್ನೆರಡೂವರೆಗೆ ಗಾಳೆಪ್ಪ ಎದ್ದು ನಿಂತ. ಮೂಗಿಗೆ ಟವೆಲ್ ಕಟ್ಟಿಕೊಂಡ ನಾಲ್ವರು ಹೆಣ ಎತ್ತಿದರು. ಮಾಳಮ್ಮ ಕಾಲು ಹಿಡಿದುಕೊಂಡು ಬಿಡಲಿಲ್ಲ. ಹೆಂಗಸರು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಕುಣಿ ಮುಚ್ಚಿ, ಕೊಡದ ನೀರು ಸುರಿದಾಗ ಒಂದೂವರೆಯಾಗಿತ್ತು.

ಗಂಡಸರು ಸಲಿಕೆ ತೊಳೆಯುತ್ತಿದ್ದಾಗ ಸ್ಟೇಷನ್ ರಸ್ತೆಯಿಂದ ಉಚ್ಚಂಗೆಮ್ಮ ನಡೆದು ಬಂದಳು. ಸೆರಗನ್ನು ಕೂಸಿನ ತಲೆಗೆ ಹೊದಿಸಿದ್ದಳು. ಒಂದು ಕಾಲಿನಲ್ಲಿ ಮಾತ್ರ ಚಪ್ಪಲಿ ಇತ್ತು. ಹಸಿಮಣ್ಣಿನ ಗುಡ್ಡೆ ನೋಡಿ ನಿಂತುಬಿಟ್ಟಳು.

"ಕಾಕಾ, ಮುಖ ತೋರಸು."

ದುರುಗಪ್ಪ ನೆಲ ನೋಡಿದ.

"ಒಂದ್ಸಲ ತೆಗೀರಿ. ನೋಡಿ ಮುಚ್ಚತೀನಿ, ನಾನ ಮುಚ್ಚತೀನಿ."

"ಮುಚ್ಚಿದ ಮಣ್ಣು ತೆಗೀಬಾರದವ್ವಾ," ಎಂದ ಗಾಳೆಪ್ಪ. "ಮೊದಲ ಬರಬೇಕಿತ್ತು."

ಮೂರು ತಾಸಿನಿಂದ ಹಸಿದಿದ್ದ ಕೂಸು ಒಣಗಿದ ದನಿಯಲ್ಲಿ ಕಿರುಚುತ್ತಿತ್ತು. ಉಚ್ಚಂಗೆಮ್ಮ ಗುಡ್ಡೆಯ ಪಕ್ಕ ಕೂತು, ಕುಪ್ಪಸ ಸಡಿಲಿಸಿ ಅದರ ಬಾಯಿಗೆ ಮೊಲೆ ಕೊಟ್ಟಳು. ಗಂಡಸರು ಮುಖ ತಿರುಗಿಸಿ ಒಬ್ಬೊಬ್ಬರಾಗಿ ಊರ ದಾರಿ ಹಿಡಿದರು. ಕೂಸು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿತ್ತು. ಅದರ ತಾಯಿಯ ಇನ್ನೊಂದು ಕೈ ಮಣಿಕಟ್ಟಿನವರೆಗೂ ಹಸಿಮಣ್ಣಿನೊಳಗೆ ಇಳಿದಿತ್ತು, ಇನ್ನೂ ಇಳಿಯುತ್ತಿತ್ತು.