ಗೇಜಿನ ಸೊನ್ನೆ

1989ರ ಏಪ್ರಿಲ್ 27, ಗುರುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಕಂಪ್ಲಿ ಕಡೆ ಹೋಗುವ ಉಪಕಾಲುವೆಯ ಗೇಟಿನ ಹತ್ತಿರ ಮೈಲಾರಲಿಂಗಪ್ಪ ಚಪ್ಪಲಿ ಬಿಟ್ಟು, ಕೈಯಲ್ಲಿ ಕಳೆ ಕೀಳುವ ಕುರುಪಿ ಹಿಡಿದು ಕಾಲುವೆಯ ತಳಕ್ಕೆ ಇಳಿದ. ಬೇಸಿಗೆಯ ಬಂದ್ ಎಂದು ಕಾಲುವೆಯ ನೀರು ನಿಲ್ಲಿಸಿ ಹನ್ನೆರಡು ದಿನವಾಗಿತ್ತು. ತಳದ ಹೂಳು ಒಣಗಿ ಬಿರುಕು ಬಿಟ್ಟಿತ್ತು.

ಮೂವತ್ತು ವರ್ಷ ಆತ ಇದೇ ಗೇಟಿನಲ್ಲಿ ಗೇಜ್ ನೋಡುವ ಕೆಲಸ ಮಾಡಿದವನು. ಗೋಡೆಗೆ ಬಿಗಿದ ಕಬ್ಬಿಣದ ಪಟ್ಟಿಯ ಮೇಲೆ ಅಡಿ, ಇಂಚುಗಳ ಗೆರೆ. ನೀರು ಯಾವ ಗೆರೆ ಮುಟ್ಟಿದೆಯೋ ಅದನ್ನು ದಿನಕ್ಕೆ ಮೂರು ಸಲ ಪುಸ್ತಕದಲ್ಲಿ ಬರೆಯಬೇಕು. ಆದೇಶ ಬಂದಷ್ಟು ನೀರು ನಿಲ್ಲುವ ತನಕ ಗೇಟು ಎತ್ತಬೇಕು. ಹೋದ ಜೂನ್‌ನಲ್ಲಿ ನಿವೃತ್ತನಾದಾಗ ಶಾಲು ಹೊದಿಸಿದ ಸಾಹೇಬರು, ಈತ ಒಂದೂ ಸುಳ್ಳು ಅಂಕಿ ಬರೆದವನಲ್ಲ ಎಂದಿದ್ದರು. ಶಾಲು ಪೆಟ್ಟಿಗೆ ಸೇರಿತು. ಮಾತು ಎದೆಯಲ್ಲಿ ಉಳಿಯಿತು.

ಆದರೆ ಆಮೇಲಿನ ಹಗಲುಗಳು ಮುಗಿಯುತ್ತಲೇ ಇರಲಿಲ್ಲ. ಹಂಪಿಗೆ ಹೋಗಿ ಎರಡು ದಿನ ಗುಡಿಯ ಜಗಲಿಯ ಮೇಲೆ ಕೂತು ನೋಡಿದ; ಮೂರನೆಯ ದಿನ ಬೇಸರ ಬಂತು. ಕೊನೆಗೆ ದಿನಾ ಏಳು ಗಂಟೆಗೆ ಗೇಟಿಗೆ ಬಂದು, ಗೇಜ್ ನೋಡಿ, ಸ್ವಂತ ನೋಟುಬುಕ್ಕಿನಲ್ಲಿ ಬರೆದುಕೊಳ್ಳತೊಡಗಿದ. "ಪಿಂಚಣಿ ಕೊಡೋದು ಮನ್ಯಾಗ ಕುಂದ್ರಾಕ. ನೀವು ಪುಗಸಟ್ಟೆ ಡ್ಯೂಟಿ ಮಾಡ್ತೀರಿ," ಎಂದು ಹೆಂಡತಿ ಭರಮಮ್ಮ ನಗುತ್ತಿದ್ದಳು.

ಈಗ ನೀರಿಲ್ಲ, ಬರೆಯಲು ಏನೂ ಇಲ್ಲ. ಗೇಜಿನ ಬುಡದ ಹೂಳಾದರೂ ತೆಗೆಯೋಣ ಎಂದು ಇಳಿದಿದ್ದ. ಕೆರೆಯುತ್ತ ಹೋದಂತೆ ಆರು, ಐದು, ನಾಲ್ಕನೆಯ ಇಂಚಿನ ಗೆರೆಗಳು ಕಂಡವು. ಮೂರರ ಹತ್ತಿರ ಕುರುಪಿ ಠಣ್ ಎಂದಿತು. ಕಲ್ಲಿರಬೇಕೆಂದು ಪಕ್ಕದಲ್ಲಿ ಕೆರೆದ. ಅಲ್ಲೂ ಅದೇ ಸದ್ದು. ಅದು ಕಾಂಕ್ರೀಟು. ಪಟ್ಟಿ ಅದರೊಳಗೆ ಹೂತು ಹೋಗಿತ್ತು. ತಳಕ್ಕೆ ಸರಿಯಾಗಿ ಇರಬೇಕಾದ ಸೊನ್ನೆ ತಳದ ಕೆಳಗಿತ್ತು.

ಲಿಂಗಪ್ಪ ಹೂಳಿನ ಮೇಲೆ ಕೂತುಬಿಟ್ಟ.

1968ರ ಬಂದ್‌ನಲ್ಲಿ ತಳಕ್ಕೆ ಕಾಂಕ್ರೀಟು ಹಾಕಿದ್ದರು. ಆಮೇಲೆ ಸೊನ್ನೆ ನೋಡಿ ಸಹಿ ಮಾಡುವ ಕೆಲಸ ಈತನದು. ವರ್ಷವರ್ಷದಂತೆ ಆಗಲೂ ಬಂದ್‌ನ ದಿನಗಳಲ್ಲಿ ಸಂಡೂರಿನ ಅತ್ತೆಯ ಮನೆಯಲ್ಲಿದ್ದ. ತಿರುಗಿ ಬಂದದ್ದು ನೀರು ಬಿಟ್ಟ ಸಂಜೆ. ತಳದ ಮೇಲೆ ಆಗಲೇ ನೀರಿತ್ತು. 'ಸರಿ ಇದೆ' ಎಂದು ಸಹಿ ಮಾಡಿದ್ದ.

ಅಂದರೆ ಎರಡು ಅಡಿ ಎಂದು ಬರೆದ ದಿನವೆಲ್ಲ ಹರಿದದ್ದು ಒಂದು ಅಡಿ ಒಂಬತ್ತು ಇಂಚು. ಮೇಲಿನ ತೂಬುಗಳು ತಮ್ಮ ಪಾಲು ಹೇಗೂ ಎಳೆದುಕೊಳ್ಳುತ್ತವೆ. ಕೊರತೆ ಪೂರಾ ಕೊನೆಯ ತೂಬಿಗೆ. ಕೊನೆಯ ತೂಬು ರೈತ ಪಾಲಪ್ಪನ ಗದ್ದೆಯದು.

1974ರಲ್ಲಿ ಭತ್ತ ಹಾಲುಗಟ್ಟುವ ಹೊತ್ತಿಗೆ ಪಾಲಪ್ಪ ಬಂದು, ನೀರು ಮುಟ್ಟುತ್ತಿಲ್ಲ ಎಂದಿದ್ದ. ಲಿಂಗಪ್ಪ ಪುಸ್ತಕ ತೆರೆದು ತೋರಿಸಿದ್ದ. "ಇಲ್ಲಿಂದ ಪೂರಾ ಹೊಂಟೈತಿ. ನಡುವ ಇರೋದು ನಿಮ್ಮಣ್ಣನ ಗದ್ದಿ. ಅಲ್ಲಿ ಹೋಗಿ ಕೇಳು," ಎಂದಿದ್ದ. ಪಾಲಪ್ಪ ಹೋಗಿ ಕೇಳಿದ. ಅಂದಿನಿಂದ ಅಣ್ಣತಮ್ಮಂದಿರ ಮಾತು ನಿಂತಿತು. ಹೋದ ದೀಪಾವಳಿಯಲ್ಲಿ ಅಣ್ಣ ಉಚ್ಚೆಂಗಪ್ಪ ತೀರಿಕೊಂಡಾಗ ಪಾಲಪ್ಪ ಮಣ್ಣಿಗೂ ಹೋಗಲಿಲ್ಲ.

ಮನೆಗೆ ಬಂದು ಹೇಳಿದಾಗ ಭರಮಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಯಾರ್ ನೋಡ್ಯಾರ? ಮಣ್ಣು ಮುಚ್ಚಿ ಸುಮ್ನಿರ್ರಿ. ಸತ್ತಾವ ತಿರುಗಿ ಬರ್ತಾನೇನು?"

"ನಾನು ನೋಡೀನಲ್ಲ."

ಅವಳು ಬಿಸಿ ರೊಟ್ಟಿ ಮುಂದಿಟ್ಟಳು. ಆತ ಅರ್ಧಕ್ಕೇ ಎದ್ದು ಸೈಕಲ್ ತೆಗೆದ.

ಪಾಲಪ್ಪ ಜೋಳದ ಸೊಪ್ಪೆಯ ಬಣವೆ ಒಟ್ಟುತ್ತಿದ್ದ. ಭತ್ತ ಬಿಟ್ಟು ಎಷ್ಟೋ ವರ್ಷವಾಗಿತ್ತು.

"ಬರ್ರಿ ಲಿಂಗಪ್ಪಾರ. ನಿಮ್ ನೀರಂತೂ ಈ ಕಡಿ ಬರಲಿಲ್ಲ, ನೀವಾದ್ರೂ ಬಂದ್ರಿ."

"ಒಂದ್ ಮಾತೈತಿ. ಕುಂದ್ರು ಪಾಲಪ್ಪ."

"ನನ್ ಹೊಲದಾಗ ನನಗ ಕುಂದ್ರು ಅಂತೀರಲ್ರಿ. ಹೇಳ್ರಿ."

ಲಿಂಗಪ್ಪ ನಿಂತೇ ಹೇಳಿದ. ಸಂಡೂರು, ಸಹಿ, ಕಾಂಕ್ರೀಟು, ಮೂರಿಂಚು, ಯಾವುದನ್ನೂ ಬಿಡಲಿಲ್ಲ. ಪಾಲಪ್ಪ ಒಂದು ಸೊಪ್ಪೆಯ ಎಲೆ ಸೀಳುತ್ತಲೇ ಇದ್ದ.

"ಅಂದ್ರ ನಮ್ಮಣ್ಣ ಕದ್ದಿರಲಿಲ್ಲ."

"ಇಲ್ಲ."

"ಗುಡಿ ಮುಂದ ಆಣಿ ಮಾಡ್ತೀನಿ ಅಂದಿದ್ದ. ಪುಸ್ತಕದಾಗ ಬರದೈತಿ, ನಿನ್ನ ಆಣಿ ಯಾರಿಗ್ ಬೇಕು ಅಂದೆ ನಾನು."

"ತಪ್ಪು ನಂದು ಪಾಲಪ್ಪ."

"ನಿಮ್ದಾ. ಅದನ್ನ ತಗೊಂಡು ಈಗ ನಾ ಎಲ್ಲಿ ಇಡ್ಲಿ?"

ಲಿಂಗಪ್ಪ ತಿರುಗಿ ಸೈಕಲ್ ಹಿಡಿದಾಗ ಪಾಲಪ್ಪ ಹಿಂದಿನಿಂದ ಕೇಳಿದ.

"ಮೂರಿಂಚು ಅಂದ್ರಲ್ಲ. ಅಳದು ನೋಡೀರೋ, ಕಣ್ಣಂದಾಜೋ?"

"ಕಣ್ಣಲೇ ನೋಡಿದ್ದು."

"ಈಗ್ಲೂ ಹಂಗ." ಪಾಲಪ್ಪ ಹೆಗಲ ಟವಲು ಕೊಡವಿದ. "ನಡೀರಿ. ಅತ್ತಿಗಿ ಮುಂದ ಹೇಳ್ಬೇಕು ನಾನು. ಆಕಿ ಮನಿಗೆ ಹೋಗಿ ಹದಿನೈದು ವರ್ಷ ಆತು. ಅಂದಾಜಿನ ಮಾತು ಒಯ್ಯಾಕ ಬರಂಗಿಲ್ಲ."

ದಾರಿಯಲ್ಲಿ ಲಿಂಗಪ್ಪನ ಮನೆಯಿಂದ ಅಳತೆಯ ಟೇಪು ತೆಗೆದುಕೊಂಡರು. ಬಿಸಿಲು ನೆತ್ತಿಗೆ ಬಂದಿತ್ತು. ಕಾಲುವೆಯ ಇಳಿಜಾರಿನಲ್ಲಿ ಲಿಂಗಪ್ಪನ ಕಾಲು ಜಾರಿದಾಗ ಪಾಲಪ್ಪ ರೆಟ್ಟೆ ಹಿಡಿದು ಇಳಿಸಿದ, ಮುಖ ಮಾತ್ರ ನೋಡಲಿಲ್ಲ. ಟೇಪಿನ ತುದಿಯನ್ನು ಪಾಲಪ್ಪ ಕಾಂಕ್ರೀಟಿಗೆ ಒತ್ತಿ ಹಿಡಿದ. ಲಿಂಗಪ್ಪ ಗೇಜಿನ ಒಂದು ಅಡಿಯ ಗೆರೆಯ ತನಕ ಎಳೆದು, ಕನ್ನಡಕ ಒರೆಸಿಕೊಂಡು ಓದಿದ. ನೋಟುಬುಕ್ಕಿನಲ್ಲಿ ಬರೆಯುವ ಮೊದಲು ಇನ್ನೊಮ್ಮೆ ಓದಿದ. ಹನ್ನೆರಡು ಇಂಚು ಇರಬೇಕಿತ್ತು.

ಇದ್ದದ್ದು ಎಂಟೂಮುಕ್ಕಾಲು ಇಂಚು. ಕೊರತೆ ಮೂರಲ್ಲ, ಮೂರೂಕಾಲು.