ನಾಲ್ಕೂವರೆಯ ಚೀಟಿ

ಶವಪೆಟ್ಟಿಗೆಯ ಎಡಬದಿಯ ಹಿಡಿಕೆ ಹಿಡಿಯಲು ಯಾರೂ ಮುಂದೆ ಬರಲಿಲ್ಲ. ಇಮ್ಕೆ ಕೈಗವಸು ಬಿಚ್ಚಿ ಕೋಟಿನ ಜೇಬಿಗೆ ತುರುಕಿ, ತಾನೇ ಹೋಗಿ ನಿಂತಳು.

"ಇನ್ನೂ ಇಬ್ರು ಬೇಕು," ಎಂದ ಶವಸಂಸ್ಕಾರದ ಏರ್ಪಾಟು ನೋಡುವವನು, ತಗ್ಗಿದ ದನಿಯಲ್ಲಿ. "ನಮ್ಮ ಆಳುಗಳನ್ನ ಕರೀಲಾ? ಗಾಡಿಯಲ್ಲೇ ಕೂತಿದಾರೆ."

"ಬೇಡ," ಎಂದಳು ಥೇಡಾ. ತೀರಿಕೊಂಡ ಹಾಬೊ ಐಲರ್ಸ್ ಅವರ ಅಕ್ಕ ಅವಳು. "ನಮ್ಮ ಕಡೆ ಹೊರೋದು ನೆರೆಯವರು. ಅಪ್ಪನ್ನೂ ಅವರೇ ಹೊತ್ತಿದ್ದು. ಸಂಬಳದವರ ಕೈಲಿ ಹೊರಿಸಲ್ಲ."

"ನೆರೆಯವ್ರಿಗೆ ಹೇಳಿದ್ರಾ?"

"ಬಾಗಿಲು ಬಡಿದೆ. ಕೆಳಗಿನ ಮನೆಯವನು 'ಯಾವ ಐಲರ್ಸ್?' ಅಂದ. ಅದೇ ಮೆಟ್ಟಿಲು ಹತ್ತಿ ಇಳೀತಾನೆ ಮಹಾರಾಯ."

ಅಲ್ಲಿದ್ದವರು ಥೇಡಾಳ ಗಂಡ, ಮಗ, ಪಂಪು ಕಾರ್ಖಾನೆಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ ಬ್ರೂನಿಂಗ್ ಮತ್ತು ಅದೇ ವಿಭಾಗದಲ್ಲಿ ಐಲರ್ಸ್ ಜೊತೆ ಕೆಲಸ ಮಾಡುತ್ತಿದ್ದ ಇಮ್ಕೆ. ಪಾದ್ರಿ ಕೈಗಡಿಯಾರ ನೋಡಿಕೊಂಡರು. ಎಮ್ಸ್ ನದಿಯ ಕಡೆಯಿಂದ ಬೀಸುತ್ತಿದ್ದ ನವೆಂಬರಿನ ಗಾಳಿಗೆ ಒಂದೇ ಒಂದು ಹೂಮಾಲೆಯ ರಿಬ್ಬನ್ನು ಪಟಪಟ ಬಡಿದುಕೊಳ್ಳುತ್ತಿತ್ತು.

ಬ್ರೂನಿಂಗ್ ಬಗ್ಗಿ ಇಮ್ಕೆಯ ಕಿವಿಯ ಹತ್ತಿರ ಹೇಳಿದ: "ಎರಡು ಗಂಟೆಗೆ ಸಿಸ್ಟಮ್ ನಿಲ್ಸಬೇಕು, ನೆನಪಿದೆ ತಾನೆ? ವರ್ಷಕ್ಕೊಂದೇ ಸಲ ಸಿಗೋದು ಈ ಅವಕಾಶ. ಆ ಹೆಸರಿನ ವಿಷಯ ಈ ಸಲ ಮುಗಿಸಿಬಿಡು. ಲೆಕ್ಕಪರಿಶೋಧಕರು ನನ್ನ ಪ್ರಾಣ ತಿಂತಿದಾರೆ."

"ಈಗ ಅದನ್ನ ಹೇಳ್ಬೇಕಾ?"

"ದಿನ ಗೊತ್ತು ಮಾಡಿದ್ದು ನಾನಲ್ಲಮ್ಮ. ಅವ್ರೇ." ಅವನು ಗದ್ದ ಎತ್ತಿ ಪೆಟ್ಟಿಗೆಯ ಕಡೆ ತೋರಿಸಿದ.

ಅದು ನಿಜವಾಗಿತ್ತು. ಆಗಲೇ ಸ್ಮಶಾನದ ಗೇಟಿನ ಬಳಿ ಹಳೆಯ ವ್ಯಾನೊಂದು ನಿಂತು, ಕಾರ್ಖಾನೆಯ ನೀಲಿ ಜಾಕೆಟ್ ತೊಟ್ಟ ನಾಲ್ವರು ಇಳಿದರು. ಮುಂದೆ ಬಂದವಳು ಅಗಲ ಭುಜದ, ಅರವತ್ತರ ಹತ್ತಿರದ ಹೆಂಗಸು.

"ಮೋಯಿನ್," ಎಂದಳು ಅವಳು, ಎಲ್ಲರಿಗೂ ಸೇರಿಸಿ. ಬೆಳಗಾಗಲಿ ಸಂಜೆಯಾಗಲಿ, ಇಲ್ಲಿಯವರು ಎದುರಾದವರಿಗೆ ಹೇಳುವ ಮಾತು ಅದೊಂದೇ. "ಐಲರ್ಸ್ ಇವ್ರೇನಾ? ನಾನು ಗೆಜೀನೆ. ಗೋದಾಮಿನವ್ರು ನಾವು."

"ಅವನ ಸ್ನೇಹಿತರಾ?" ಥೇಡಾಳ ದನಿಯಲ್ಲಿ ಆಸೆಯಿತ್ತು.

ಗೆಜೀನೆ ಯೋಚಿಸಿದಳು. "ಮುಖ ನೋಡಿಲ್ಲ. ಆದ್ರೆ ದಿನಾ ಬೆಳಗ್ಗೆ ಮೊದಲು ಕಣ್ಣಿಗೆ ಬೀಳೋದು ಅವ್ರ ಹೆಸ್ರೇ."

ಇನ್ನೇನೂ ಕೇಳದೆ ಅವಳು ಬಂದು ಇಮ್ಕೆಯ ಹಿಂದಿನ ಹಿಡಿಕೆ ಹಿಡಿದಳು. ಎದುರಿನ ಹಿಡಿಕೆಗೆ ಅವಳ ಜೊತೆಗಾರನೊಬ್ಬ ಕೈ ಹಾಕಿದ. ಪೆಟ್ಟಿಗೆ ಮೇಲೆದ್ದಿತು.

*

ಪ್ರತಿ ಜನವರಿಯಲ್ಲೂ ಐಲರ್ಸ್ ಗೋಡೆಯ ಮೇಲೆ ವರ್ಷದ ಯೋಜನೆಯ ಹಾಳೆ ಹಚ್ಚುತ್ತಿದ್ದರು. ಕಾರ್ಖಾನೆಯ ಸಂಬಳ, ಸರಕು, ಬಿಲ್ಲು, ಬಿಡಿಭಾಗ ಎಲ್ಲವೂ ಒಂದೇ ಸಾಫ್ಟ್‌ವೇರ್ ವ್ಯವಸ್ಥೆಯ ಮೇಲೆ ನಡೆಯುತ್ತಿದ್ದವು. ಅದನ್ನು ಯಾವಾಗ ನಿಲ್ಲಿಸುವುದು, ಅದರ ದೋಷಗಳಿಗೆ ಯಾವ ಹೊಸ ತೇಪೆ ಹಾಕುವುದು, ಯಾರು ಕಾವಲಿರುವುದು ಎಂಬುದೆಲ್ಲ ಆ ಹಾಳೆಯಲ್ಲಿರುತ್ತಿತ್ತು. ಕ್ರಿಸ್ಮಸ್, ಈಸ್ಟರ್, ಶಾಲೆಯ ರಜೆಗಳ ಚೌಕಗಳಲ್ಲಿ ಅವರು ಯಾರನ್ನೂ ಕೇಳದೆ ತಮ್ಮ ಹೆಸರು ಬರೆದುಕೊಳ್ಳುತ್ತಿದ್ದರು.

"ನಿಮಗೂ ರಜೆ ಬೇಡ್ವಾ?" ಎಂದು ಇಮ್ಕೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೇಳಿದ್ದಳು.

"ನಿಮಗೆಲ್ಲ ಮಕ್ಕಳಿದಾವೆ," ಎಂದಿದ್ದರು ಅವರು. "ನನಗೆ ಎಲ್ಲಿಗೆ ಹೋಗ್ಬೇಕು ಅಂತಾನೇ ತೋಚಲ್ಲ."

ಹಾಳೆಯ ಕಟ್ಟಕಡೆಯ ಸಾಲು ಮಾತ್ರ ವರ್ಷ ವರ್ಷವೂ ಅದೇ: ರಾತ್ರಿ ಕೆಲಸಗಳ ಹೆಸರು ಬದಲಾವಣೆ. ಹದಿನೆಂಟು ವರ್ಷದ ಹಿಂದೆ ವ್ಯವಸ್ಥೆ ಹೊಸದಾಗಿ ಬಂದಾಗ, ರಾತ್ರಿ ತಾವಾಗಿ ಓಡುವ ಕೆಲಸಗಳಿಗೆ ಯಾರದಾದರೂ ಹೆಸರು ಕೊಡಬೇಕಿತ್ತು. ಐಲರ್ಸ್ ಸದ್ಯಕ್ಕಿರಲಿ ಎಂದು ತಮ್ಮದನ್ನೇ ಕೊಟ್ಟರು. ಈ ಕಸುಬಿನಲ್ಲಿ ಯಾರೂ ಮಾಡಬಾರದ, ಎಲ್ಲರೂ ಮಾಡುವ ತಪ್ಪು: ಮನುಷ್ಯ ಕೆಲಸ ಬಿಟ್ಟರೂ ಅವನ ಹೆಸರಲ್ಲಿ ಯಂತ್ರ ಓಡುತ್ತಲೇ ಇರುತ್ತದೆ. ಅಂದಿನಿಂದ ಬೆಳಗಿನ ಜಾವ ನಾಲ್ಕೂವರೆಗೆ ಗೋದಾಮಿನ ಪ್ರಿಂಟರಿನಲ್ಲಿ ಆ ದಿನ ಲಾರಿಗೆ ಏರಿಸಬೇಕಾದ ಸರಕಿನ ಚೀಟಿಗಳು ಬರುವಾಗ, ಪ್ರತಿಯೊಂದರ ಅಡಿಯಲ್ಲೂ 'ತಯಾರಿಸಿದವರು: ಐಲರ್ಸ್' ಎಂದಿರುತ್ತಿತ್ತು.

"ಇದನ್ನ ಈ ವರ್ಷ ಮಾಡ್ಬಿಡೋಣ್ವಾ?" ಎಂದು ಇಮ್ಕೆ ಪ್ರತಿ ಸಲ ಕೇಳುತ್ತಿದ್ದಳು. "ಅರ್ಧ ಗಂಟೆ ಕೆಲಸ."

ಅವರು ಕನ್ನಡಕ ಒರೆಸುತ್ತ ಸಾಲನ್ನು ಓದುತ್ತಿದ್ದರು. ಆಮೇಲೆ ಅದರ ಮುಂದೆ ಬಾಣದ ಗುರುತು ಹಾಕಿ ಮುಂದಿನ ವರ್ಷಕ್ಕೆ ದೂಡುತ್ತಿದ್ದರು.

ಈ ಜನವರಿಯಲ್ಲಿ ಮಾತ್ರ ಬಾಣ ಹಾಕಲಿಲ್ಲ. ಹೊಟ್ಟೆಯ ಕಾಯಿಲೆ ಪತ್ತೆಯಾಗಿ ಆಗ ಒಂದು ವಾರವಾಗಿತ್ತು. ವ್ಯವಸ್ಥೆಯನ್ನು ವರ್ಷಕ್ಕೊಮ್ಮೆ ನಿಲ್ಲಿಸುವ ದಿನದ, ನವೆಂಬರಿನ ಇದೇ ಶನಿವಾರದ ಚೌಕದಲ್ಲಿ, ಹದಿನೆಂಟು ವರ್ಷದಲ್ಲಿ ಮೊದಲ ಸಲ, ತಮ್ಮ ಹೆಸರಿನ ಬದಲು ಅವಳ ಹೆಸರು ಬರೆದು ಪೆನ್ನು ಮುಚ್ಚಿದರು.

*

ಸ್ಮಶಾನದ ಎದುರಿನ ಹೋಟೆಲಿನಲ್ಲಿ ಥೇಡಾ ಮೂವತ್ತು ಜನಕ್ಕೆ ಬೆಣ್ಣೆ ಕೇಕು ಹೇಳಿದ್ದಳು. ಉದ್ದ ಮೇಜಿನ ಒಂದು ತುದಿಯಲ್ಲಿ ಎಲ್ಲರೂ ಗುಂಪಾಗಿ ಕೂತರು. ಆಚೆ ತುದಿಯವರೆಗೂ ಖಾಲಿ ಬಟ್ಟಲುಗಳು ಬೋರಲಾಗಿದ್ದವು.

"ತಿನ್ನಿ," ಎಂದಳು ಥೇಡಾ. "ಇಷ್ಟನ್ನೂ ನಾನು ಎಲ್ಲಿಗೆ ಹೊರಲಿ."

ಗೆಜೀನೆ ಕಲ್ಲುಸಕ್ಕರೆಯ ಹರಳಿನ ಮೇಲೆ ಚಹ ಸುರಿದುಕೊಂಡಳು. ಬಿಸಿಗೆ ಹರಳು ಚಿಟ್ಟೆಂದು ಸೀಳಿತು. "ಅವ್ರ ಜೊತೆ ಫೋನಲ್ಲಿ ಮೂರು ಸಲ ಮಾತಾಡಿದೀನಿ," ಎಂದಳು. "ಚೀಟಿ ಬರದೆ ಹೋದಾಗ. 'ಐದು ನಿಮಿಷ' ಅನ್ನೋರು. ಆಮೇಲೆ ತಾವೇ ಮಾಡಿ 'ಬಂತಾ?' ಅನ್ನೋರು. 'ಬಂತು' ಅಂದ ತಕ್ಷಣ ಇಟ್ಬಿಡೋರು. ಮಾತಾಡಿದ್ರೆ ಬಾಯಿ ಸವೀತದೇನೋ ಅನ್ನೋ ಹಾಗೆ."

"ಚಿಕ್ಕಂದಿನಿಂದ್ಲೂ ಹಾಗೇ," ಥೇಡಾ ನಕ್ಕಳು. ಆಮೇಲೆ ಇಮ್ಕೆಯ ಕಡೆ ತಿರುಗಿದಳು. "ನೀನು ಜೊತೆಗಿದ್ದವಳು, ಒಂದು ಮಾತು ಹೇಳು. ಇಷ್ಟು ದಿನ ಅವನ ಮನೇಲಿ ಮಲಗಿದೀನಿ. ದಿನಾ ಬೆಳಗ್ಗೆ ನಾಲ್ಕೂಕಾಲಿಗೆ ಅಲಾರಾಂ ಹೊಡ್ಕೊಳ್ತಿತ್ತು. ಮಂಚದ ಪಕ್ಕದಲ್ಲೇ ಕಂಪ್ಯೂಟರು, ಒಂದು ಕುರ್ಚಿ, ಕುರ್ಚಿ ಮೇಲೆ ಕಂಬಳಿ. ಒಂಬತ್ತು ಗಂಟೆಗೆ ಕೆಲಸಕ್ಕೆ ಹೋಗೋನು ಆ ಹೊತ್ತಿಗೆ ಎದ್ದು ಏನು ಮಾಡ್ತಿದ್ದ?"

ಇಮ್ಕೆ ಬಟ್ಟಲು ಕೆಳಗಿಟ್ಟಳು. ಎದ್ದಿರಬೇಕಾದ ಅಗತ್ಯವೇ ಇರಲಿಲ್ಲ. ಏನಾದರೂ ಕೆಟ್ಟರೆ ವ್ಯವಸ್ಥೆಯೇ ಕರೆದು ಎಬ್ಬಿಸುವ ಹಾಗೆ ಐಲರ್ಸ್ ತಾವೇ ಏರ್ಪಾಟು ಮಾಡಿದ್ದರು.

"ಚೀಟಿ ಹೋಗೋದನ್ನ ನೋಡ್ತಿದ್ರು ಅನ್ಸತ್ತೆ," ಎಂದಳು. "ನಾಲ್ಕೂವರೆಗೆ ಹೋಗತ್ತೆ. ಪರದೆ ಮೇಲೆ ಒಂದು ಹಸಿರು ಚುಕ್ಕೆ ಬರತ್ತೆ, ಅಷ್ಟೆ. ಅದನ್ನ ನೋಡ್ಬೇಕು ಅಂತೇನಿಲ್ಲ. ಯಂತ್ರ ತಾನೇ ಮಾಡೋ ಕೆಲಸ ಅದು. ಚೀಟೀಲಿ ಅವ್ರ ಹೆಸ್ರಿತ್ತು ಅಷ್ಟೆ ಹೊರತು…"

"ಯಂತ್ರ ಅಂತ ನಮಗೂ ಗೊತ್ತು ಕಣಮ್ಮ," ಎಂದಳು ಗೆಜೀನೆ. "ಗೋದಾಮಿನವ್ರು ಅಂದ್ರೆ ದಡ್ಡರಾ? ಆದ್ರೆ ಆ ಹೊತ್ತಲ್ಲಿ ಬೇರೆ ಯಾರ ಹೆಸ್ರೂ ನಮ್ಮ ಹತ್ರ ಬರ್ತಿರ್ಲಿಲ್ಲ." ಅವಳ ಜೊತೆಯವರು ತಲೆ ತಗ್ಗಿಸಿ ಕೇಕು ಮುರಿಯುತ್ತಿದ್ದರು. "ಮೊದಲನೇ ಚೀಟಿ ಬಂದಾಗ 'ಮೋಯಿನ್, ಐಲರ್ಸ್' ಅಂತಿದ್ವಿ. ಪ್ರಿಂಟರಿಗೆ. ತಮಾಷೆಗೆ ಶುರು ಮಾಡಿದ್ದು. ಆಮೇಲೆ ಹೇಳದೆ ಹೋದ್ರೆ ದಿನ ನೆಟ್ಟಗಿರ್ತಿರ್ಲಿಲ್ಲ."

ಥೇಡಾ ಅವಳ ಬಟ್ಟಲಿಗೆ ಮತ್ತೆ ಚಹ ಸುರಿದಳು.

"ಅಂದ್ರೆ ಆಗ ಎದ್ದೇ ಇರ್ತಿದ್ರು," ಎಂದಳು ಗೆಜೀನೆ.

"ಇರ್ತಿದ್ರು."

"ಅವ್ರಿಗೆ ಗೊತ್ತಿತ್ತಾ? ನಾವು ಹಾಗೆ ಹೇಳೋದು?"

"ಇಲ್ಲ," ಎಂದಳು ಇಮ್ಕೆ.

ಬ್ರೂನಿಂಗ್ ಎದ್ದು ಕೋಟು ಹಾಕಿಕೊಳ್ಳತೊಡಗಿದ. ಇಮ್ಕೆ ಎದ್ದಳು, ಮತ್ತೆ ಕೂತಳು. ಮುಂದಿನ ವರ್ಷದ ಹಾಳೆ ಬರೆಯುವವಳು ಈಗ ಅವಳೇ. ಒಂದು ಬಾಣ ಹಾಕಿದರೆ ಮುಗಿಯಿತು. ಬ್ರೂನಿಂಗ್ ಗೊಣಗಬಹುದು, ಅಷ್ಟೆ.

"ಇವತ್ತು ಚೀಟಿಯಿಂದ ಅವ್ರ ಹೆಸ್ರು ತೆಗೀಬೇಕು ನಾನು," ಎಂದಳು ಗೆಜೀನೆಗೆ. "ಬೇಕಾದ್ರೆ ಒಂದು ವರ್ಷ ತಳ್ಬಹುದು. ನೀವು ಹೇಳಿದ್ರೆ ತಳ್ತೀನಿ."

ಗೆಜೀನೆ ಕಿಟಕಿಯ ಕಡೆ ನೋಡಿದಳು. "ಸತ್ತ ಮೇಲೂ ದಿನಾ ಬಂದಿದಾರೆ, ಪಾಪ. ನಿನ್ನೆ ಬೆಳಗ್ಗೆ ಕೂಡ. ಎಷ್ಟು ದಿನ ಅಂತ ಎಬ್ಬಿಸ್ತೀರಾ? ಮಲಗೋಕೆ ಬಿಡಿ."

"ಅಲಾರಾಮಿನ ಬ್ಯಾಟರಿ ನಾನೂ ನಿನ್ನೆ ತೆಗೆದುಹಾಕಿದೆ," ಎಂದಳು ಥೇಡಾ, ಮೇಜುಬಟ್ಟೆಯ ಅಂಚನ್ನು ನೀವುತ್ತ. "ತೆಗೆದ ಮೇಲೆ ನಿದ್ದೇನೇ ಬರಲಿಲ್ಲ."

*

ಶನಿವಾರವಾದ್ದರಿಂದ ಕಾರ್ಖಾನೆಯ ಅಂಗಳದಲ್ಲಿ ಒಂದು ಲಾರಿಯೂ ಇರಲಿಲ್ಲ. ಇಮ್ಕೆ ಕಪ್ಪು ಉಡುಪಿನಲ್ಲೇ ಐಲರ್ಸ್ ಅವರ ಮೇಜಿಗೆ ಕೂತಳು. ವ್ಯವಸ್ಥೆಯನ್ನು ನಿಲ್ಲಿಸಿ, ತೇಪೆಗಳನ್ನು ಹಾಕಿ, ಮತ್ತೆ ಎಬ್ಬಿಸುವ ಹೊತ್ತಿಗೆ ಕಿಟಕಿಯಾಚೆ ಬೆಳಕು ಇಳಿದಿತ್ತು. ಹೆಸರಿನ ಸಾಲೊಂದು ಉಳಿದಿತ್ತು. ಪರೀಕ್ಷೆಯ ಚೀಟಿ ನೋಡಲು ಪ್ರಿಂಟರಿನ ಬಳಿ ಒಬ್ಬರಿರಬೇಕು. ತಾನೇ ಬರುತ್ತೇನೆಂದು ಗೆಜೀನೆ ಹೇಳಿದ್ದಳು. ಅಂಗಳದ ಆಚೆ ಗೋದಾಮಿನಲ್ಲಿ ದೀಪ ಹತ್ತಿತು. ಫೋನು ಬಂತು.

"ಬಂದೆ," ಎಂದಳು ಗೆಜೀನೆ. "ಇಲ್ಲಿ ಥಂಡಿ. ಬೇಗ ಮಾಡು."

"ಮೊದಲು ಹಳೇದನ್ನೇ ಒಂದು ಸಲ ಓಡಿಸ್ತೀನಿ. ಸರಿ ಇದೆಯಾ ನೋಡಬೇಕು."

ಅದರ ಅಗತ್ಯವಿರಲಿಲ್ಲ. ಅವಳು ಗುಂಡಿ ಒತ್ತಿದಳು. ಪರದೆಯ ಮೇಲೆ ಹಸಿರು ಚುಕ್ಕೆ ಮೂಡಿತು. ಫೋನಿನಲ್ಲಿ ಪ್ರಿಂಟರು ಗೊರಗುಟ್ಟುವುದು ಕೇಳಿಸಿತು, ಆಮೇಲೆ ಖಾಲಿ ಗೋದಾಮಿನಲ್ಲಿ ಗೆಜೀನೆಯ ದನಿ, ಫೋನಿಗಲ್ಲದೆ ಬೇರೆ ಕಡೆಗೆ ತಿರುಗಿದ್ದು: "ಮೋಯಿನ್, ಐಲರ್ಸ್."

ಇಮ್ಕೆ ರಾತ್ರಿ ಕೆಲಸಗಳ ಪಟ್ಟಿಯನ್ನು ತೆರೆದಳು. ಅವರ ಹೆಸರಿದ್ದ ಕಡೆಯಲ್ಲೆಲ್ಲ ಯಾರದೂ ಅಲ್ಲದ, ಬರೀ ಅಂಕಿಗಳ ಗುರುತನ್ನು ತುಂಬಿ ಉಳಿಸಿದಳು. ಅರ್ಧ ಗಂಟೆಯೂ ಹಿಡಿಯಲಿಲ್ಲ. ಮತ್ತೆ ಓಡಿಸಿದಳು.

"ಬಂತಾ?" ಎಂದು ಕೇಳಿದಳು.

ಕಾಗದ ಹರಿದ ಸದ್ದು ಕೇಳಿತು.

"ಬಂತು," ಎಂದಳು ಗೆಜೀನೆ. ಆಮೇಲೆ ಚೀಟಿ ಮಡಿಸುವ ಸದ್ದು ಬಂತು. ಇಮ್ಕೆ ಫೋನನ್ನು ಇಡಲಿಲ್ಲ. ಕೊನೆಗೆ, ಮೊದಲಿನಷ್ಟು ಗಟ್ಟಿಯಾಗಿ ಅಲ್ಲ, ಗೆಜೀನೆ ಅಂದಳು: "ಮೋಯಿನ್."

ಕುರ್ಚಿಯ ಬೆನ್ನಿಗೆ ಐಲರ್ಸ್ ಅವರ ಬೂದು ಸ್ವೆಟರ್ ಇನ್ನೂ ತೂಗುತ್ತಿತ್ತು.

"ಮೋಯಿನ್," ಎಂದಳು ಇಮ್ಕೆ.

ಅಂಗಳದ ಆಚೆ ಗೋದಾಮಿನ ದೀಪ ಬಹಳ ಹೊತ್ತು ಆರಲಿಲ್ಲ.